ಜಿನೀವಾದ ಕುರ್ಚಿ, ಜಗಲಿಯ ತಡ್ಪೆ

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಪಟ್ಟಣದಲ್ಲಿ ದೊಡ್ಡ ಸಭೆಯೊಂದು ಸೇರುತ್ತದೆ. ಲೋಕದ ನಾನಾ ದೇಶಗಳಿಂದ ಸರಕಾರದವರು, ಮಾಲಿಕರು, ಕಾರ್ಮಿಕ ಮುಖಂಡರು ಬಂದು ಕುರ್ಚಿ ಹಿಡಿಯುತ್ತಾರೆ. ಕಿವಿಗೆ ಭಾಷಾಂತರದ ಯಂತ್ರ, ಮುಂದೆ ದೇಶದ ಹೆಸರಿನ ಫಲಕ. ದುಡಿಯುವವರ ಹಕ್ಕು ಎಷ್ಟು, ಕೆಲಸದ ಗಂಟೆ ಎಷ್ಟು ಎಂದು ಚರ್ಚೆ ನಡೆಯುತ್ತದೆ.

ಅದೇ ಜೂನ್ ತಿಂಗಳಲ್ಲಿ ಮಂಗಳೂರಿನ ಸುತ್ತಮುತ್ತ ಮಳೆ ಹಿಡಿದಿರುತ್ತದೆ. ಜಗಲಿಯಲ್ಲಿ ನಾಲ್ಕು ಹೆಂಗಸರು ಕಾಲು ಚಾಚಿ ಕೂತಿರುತ್ತಾರೆ. ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಹುಡಿ, ನೂಲಿನ ಉಂಡೆ. ಬಾಯಿ ಊರಿನ ಸುದ್ದಿ ಹೇಳುತ್ತದೆ, ಕೈ ಬೀಡಿ ಕಟ್ಟುತ್ತದೆ. ಯಾರಾದರೂ ಹೋಗಿ ಅವರಲ್ಲಿ ಜಿನೀವಾದ ಮಾತೆತ್ತಿದರೆ, "ಜಿನೀವಾ ಅಂದರೆ ಎಂತ ಅಕ್ಕಾ, ಹೊಸ ಬೀಡಿ ಕಂಪೆನಿಯಾ?" ಎಂದು ಕೇಳಿಯಾರು.

ನಗಬೇಡಿ. ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಜಿನೀವಾದಲ್ಲಿ 1996ರಲ್ಲೇ ಈ ಹೆಂಗಸರ ಬಗ್ಗೆ ಒಂದು ನಿರ್ಣಯ ಆಗಿದೆ. ಮನೆಯಲ್ಲಿ ಕೂತು ದುಡಿಯುವವರಿಗೂ ಕಾರ್ಖಾನೆಯಲ್ಲಿ ದುಡಿಯುವವರಿಗೂ ಭೇದ ಮಾಡಕೂಡದು ಎಂದು ಬರೆದಿಟ್ಟಿದ್ದಾರೆ. ಬರೆದದ್ದು ಇನ್ನೂ ಜಗಲಿಗೆ ಬಂದು ಮುಟ್ಟಿಲ್ಲ. ಯಾಕೆ ಮುಟ್ಟಿಲ್ಲ ಎಂದು ಹುಡುಕಹೊರಟರೆ ಮಂಗಳೂರಿನ ನೂರು ವರ್ಷದ ಕತೆಯೇ ಬಿಚ್ಚಿಕೊಳ್ಳುತ್ತದೆ.

ಲಂಡನ್ನಿನಲ್ಲಿ ಸಭೆ, ಜೆಪ್ಪುವಿನಲ್ಲಿ ಹಂಚು

ಕಾರ್ಮಿಕರ ಮೊದಲ ಅಂತಾರಾಷ್ಟ್ರೀಯ ಸಂಘ ಲಂಡನ್ನಿನಲ್ಲಿ ಹುಟ್ಟಿದ್ದು 1864ರಲ್ಲಿ. ಅದರ ಮರುವರ್ಷ, 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಸಾಹೇಬರು ಹಂಚಿನ ಕಾರ್ಖಾನೆ ತೆರೆದರು. ಎರಡಕ್ಕೂ ಸಂಬಂಧ ಏನೂ ಇಲ್ಲ. ಆದರೆ ನೇತ್ರಾವತಿಯ ಆವೆಮಣ್ಣಿನಲ್ಲಿ ಕೂಲಿಯವರ ಹೊಸ ವರ್ಗವೊಂದು ತಯಾರಾದದ್ದು ಆಗ. ಗದ್ದೆಯ ಒಕ್ಕಲು ಹೊತ್ತು ನೋಡಿ ಕೆಲಸ ಮಾಡುತ್ತಿದ್ದ. ಹಂಚಿನ ಕಾರ್ಖಾನೆಗೆ ಬಂದವನು ಗಂಟೆಯ ಲೆಕ್ಕಕ್ಕೆ ಸಿಕ್ಕಿಬಿದ್ದ.

1889ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಸಮಾಜವಾದಿಗಳು ದಿನಕ್ಕೆ ಎಂಟೇ ಗಂಟೆ ಕೆಲಸ ಎಂದು ಒತ್ತಾಯಿಸಲು ಒಂದು ದಿನ ಗೊತ್ತು ಮಾಡಿದರು. ಅದೇ ಮೇ 1. ಆ ದಿನವನ್ನು ಭಾರತದಲ್ಲಿ ಮೊದಲಿಗೆ ಆಚರಿಸಿದ್ದು 1923ರಲ್ಲಿ, ಮದರಾಸಿನಲ್ಲಿ, ಸಿಂಗಾರವೇಲು ಚೆಟ್ಟಿಯಾರರು. ಮಂಗಳೂರು ಆಗ ಮದರಾಸು ಪ್ರಾಂತಕ್ಕೆ ಸೇರಿದ ಊರು. ಪ್ಯಾರಿಸಿನ ನಿರ್ಣಯ ಈ ಪ್ರಾಂತದ ರಾಜಧಾನಿಗೆ ಬರಲು 34 ವರ್ಷ ಹಿಡಿಯಿತು.

ಅಷ್ಟರಲ್ಲಿ 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ವಾಷಿಂಗ್ಟನ್ನಿನಲ್ಲಿ ಮೊದಲ ಸಮ್ಮೇಳನ ಕರೆದಿತ್ತು. ಅಲ್ಲಿನ ಮೊದಲನೇ ಒಪ್ಪಂದವೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂಬುದು. ಓದುವವರಿಗೆ ಖುಷಿಯಾಗಬೇಕು. ಆದರೆ ಅದರ 10ನೇ ಕಲಮು ಬ್ರಿಟಿಷ್ ಇಂಡಿಯಾಕ್ಕೆಂದೇ ಬರೆದದ್ದು. ಇಂಡಿಯಾದ ಕಾರ್ಖಾನೆಗಳಿಗೆ ವಾರಕ್ಕೆ 60 ಗಂಟೆ! ಒಂದೇ ಹಾಳೆಯಲ್ಲಿ ಬಿಳಿಯನಿಗೆ ಒಂದು ಗಡಿಯಾರ, ಕರಿಯನಿಗೆ ಇನ್ನೊಂದು. ಕಾರ್ಖಾನೆ ಕಾನೂನಿನಲ್ಲಿ 1922ರಲ್ಲಿ 60 ಗಂಟೆ, 1934ರಲ್ಲಿ 54 ಆಗಿ, 48ಕ್ಕೆ ಇಳಿಯಬೇಕಾದರೆ 1946 ಬರಬೇಕಾಯಿತು.

ಜಿನೀವಾಕ್ಕೆ ಕಾರ್ಮಿಕರ ಕಡೆಯಿಂದ ಒಬ್ಬರನ್ನು ಕಳಿಸಬೇಕು, ಕಳಿಸಲು ದೇಶಕ್ಕೊಂದು ಸಂಘ ಬೇಕು. ಆ ಅಗತ್ಯವೂ ಒಂದು ಕಾರಣವಾಗಿ 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಎಐಟಿಯುಸಿ ಹುಟ್ಟಿತು. ಕುರ್ಚಿ ಮೊದಲು ಬಂತು, ಕೂರುವವರು ಆಮೇಲೆ ತಯಾರಾದರು ಎಂದು ಕುಹಕಿಗಳು ಹೇಳುವುದುಂಟು. ಕುಹಕ ಇರಲಿ, ಮಾತಿನಲ್ಲಿ ಸ್ವಲ್ಪ ಹುರುಳೂ ಉಂಟು.

1929: ಮಂಗಳೂರಿನ ಇಬ್ಬರು

ಈ ಅಂತಾರಾಷ್ಟ್ರೀಯ ಗಲಾಟೆಯ ನಡುವೆ ಮಂಗಳೂರಿನ ಇಬ್ಬರು ಎರಡು ದಿಕ್ಕಿನಲ್ಲಿ ನಿಂತದ್ದು ಊರಿನವರು ಮರೆತಿರುವ ವಿಷಯ.

ಒಬ್ಬರು ಕಮಲಾದೇವಿ ಚಟ್ಟೋಪಾಧ್ಯಾಯ. 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಸಾರಸ್ವತ ಮನೆತನದಲ್ಲಿ ಹುಟ್ಟಿದವರು. ಬಾಲವಿಧವೆಯಾಗಿಯೂ ಮೂಲೆಯಲ್ಲಿ ಕೂರದೆ ಓದಿದರು, ಮರುಮದುವೆಯಾದರು, ನಾಟಕ ಆಡಿದರು. 1926ರಲ್ಲಿ ಮದರಾಸು ಶಾಸನಸಭೆಗೆ ಚುನಾವಣೆಗೆ ನಿಂತು ಕೆಲವೇ ಮತಗಳಿಂದ ಸೋತರು. ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಹೆಂಗಸು ಎಂಬ ಹೆಸರು ಅವರದು. ಇಂದು ಅವರನ್ನು ಕೈಮಗ್ಗ, ಕರಕುಶಲದ ಹೆಸರಿನಲ್ಲಿ ನೆನೆಯುತ್ತಾರೆ. ಅವರ ಸಮಾಜವಾದದ ಮುಖ ಹಿಂದೆ ಸರಿದಿದೆ.

1929ರಲ್ಲಿ ಅವರು ಬರ್ಲಿನ್ನಿನ ಅಂತಾರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಹೋದರು. ಎಲ್ಲ ದೇಶದವರ ಬಾವುಟ ಅಲ್ಲಿತ್ತು, ಭಾರತದ್ದು ಇರಲಿಲ್ಲ. ಬ್ರಿಟಿಷರ ಬಾವುಟದಡಿ ನಿಲ್ಲಲು ಮನಸ್ಸಿಲ್ಲದ ಭಾರತದ ಹೆಂಗಸರು ಸೀರೆಗಳನ್ನು ಹರಿದು ತುಂಡು ಜೋಡಿಸಿ ತಮ್ಮದೇ ಬಾವುಟ ಮಾಡಿಕೊಂಡರು. ಅದೇ ಬೇಸಗೆಯಲ್ಲಿ, ಜುಲೈ ತಿಂಗಳು, ಜರ್ಮನಿಯದೇ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ ಸಾಮ್ರಾಜ್ಯಶಾಹಿ ವಿರೋಧಿ ಲೀಗಿನ ಎರಡನೇ ಮಹಾಸಭೆ. ಕಮಲಾದೇವಿ ಅಲ್ಲಿಗೂ ಹೋದರು. ಈ ಲೀಗು ಹುಟ್ಟಿದ್ದು 1927ರ ಫೆಬ್ರವರಿಯಲ್ಲಿ ಬ್ರಸೆಲ್ಸಿನಲ್ಲಿ. ಜವಾಹರಲಾಲ್ ನೆಹರೂ ಆ ಮೊದಲ ಸಭೆಯಲ್ಲಿದ್ದರು. ಬರ್ಲಿನ್ನಿನಲ್ಲಿ ಲೀಗಿನ ಕೆಲಸ ನೋಡುತ್ತಿದ್ದ ವೀರೇಂದ್ರನಾಥ ಚಟ್ಟೋಪಾಧ್ಯಾಯರು ಕಮಲಾದೇವಿಯವರಿಗೆ ಸಂಬಂಧದಲ್ಲಿ ಭಾವ, ಗಂಡ ಹರೀಂದ್ರನಾಥರ ಅಣ್ಣ. ವಸಾಹತುಗಳ ಸ್ವಾತಂತ್ರ್ಯ ಹೋರಾಟಗಾರರು, ಯುರೋಪಿನ ಕಮ್ಯುನಿಸ್ಟರು, ಕಾರ್ಮಿಕ ಸಂಘದವರು ಒಂದೇ ಸೂರಿನಡಿ ಸೇರಿದ ಆ ಸಭೆಗಳಲ್ಲಿ ಮಂಗಳೂರಿನ ಹೆಣ್ಣುಮಗಳೊಬ್ಬಳು ಕೂತಿದ್ದಳು ಎಂಬುದು ಸಣ್ಣ ಸಂಗತಿಯಲ್ಲ. 1936ರಲ್ಲಿ ಮೀರತ್ತಿನಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಸಮ್ಮೇಳನಕ್ಕೆ ಅಧ್ಯಕ್ಷತೆ ವಹಿಸಿದವರೂ ಅವರೇ.

ಇನ್ನೊಬ್ಬರು ಬೆನಗಲ್ ಶಿವರಾವ್. ಇವರೂ ಮಂಗಳೂರಿನವರು. ಸಂವಿಧಾನ ರಚನೆಯಲ್ಲಿ ಸಲಹೆಗಾರರಾಗಿದ್ದ ಬಿ.ಎನ್. ರಾವ್, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ರಾಮರಾವ್ ಇವರ ಸೋದರರು. ಮನೆಯವರು ದೊಡ್ಡ ದೊಡ್ಡ ಹುದ್ದೆ ಹಿಡಿದರೆ ಶಿವರಾವ್ ಪತ್ರಿಕೆ ಹಿಡಿದರು, ಮದರಾಸಿನ ಕಾರ್ಮಿಕ ಸಂಘ ಹಿಡಿದರು. ಮಾತುಕತೆಯಿಂದ, ಕಾನೂನಿನಿಂದ, ಜಿನೀವಾದ ದಾರಿಯಿಂದ ಕೂಲಿಯವನ ಬದುಕು ಹಸನಾಗುತ್ತದೆ ಎಂದು ನಂಬಿದ ಬಳಗ ಅವರದು.

ನಾಗಪುರದ ಒಡಕು

1929ರ ಕೊನೆಗೆ ನಾಗಪುರದಲ್ಲಿ ಎಐಟಿಯುಸಿ ಅಧಿವೇಶನ. ಅಧ್ಯಕ್ಷರು ನೆಹರೂ. ಜಗಳ ಎದ್ದದ್ದು ಯಾವುದಕ್ಕೆ? ಕೂಲಿಯ ದರಕ್ಕಲ್ಲ. ಜಿನೀವಾಕ್ಕೆ ಪ್ರತಿನಿಧಿ ಕಳಿಸಬೇಕೋ ಬೇಡವೋ, ಸಾಮ್ರಾಜ್ಯಶಾಹಿ ವಿರೋಧಿ ಲೀಗಿನ ಜತೆ ಸೇರಬೇಕೋ ಬೇಡವೋ, ಸರಕಾರದ ವಿಟ್ಲೀ ಕಾರ್ಮಿಕ ಆಯೋಗವನ್ನು ಬಹಿಷ್ಕರಿಸಬೇಕೋ ಬೇಡವೋ ಎಂಬುದಕ್ಕೆ. ಎಡಪಂಥದವರ ನಿರ್ಣಯಗಳು ಗೆದ್ದವು. ಎನ್.ಎಂ. ಜೋಶಿ, ವಿ.ವಿ. ಗಿರಿ, ಶಿವರಾವ್ ಮೊದಲಾದವರು ಎದ್ದು ಹೊರಗೆ ನಡೆದು ಬೇರೆ ಒಕ್ಕೂಟ ಕಟ್ಟಿದರು.

ಅಂದರೆ ಅದೇ ವರ್ಷ ಕಮಲಾದೇವಿ ಯಾವ ಲೀಗಿನ ಸಭೆಯಲ್ಲಿ ಕೂತು ಬಂದಿದ್ದರೋ, ಆ ಲೀಗಿನ ನಂಟು ಬೇಡ ಎಂದು ಹೊರನಡೆದವರಲ್ಲಿ ಶಿವರಾವ್ ಒಬ್ಬರು. ಮರುವರ್ಷ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಕಾರ್ಮಿಕರ ಹೆಸರಿನಲ್ಲಿ ಹೋದವರು ಜೋಶಿ ಮತ್ತು ಶಿವರಾವ್. ಕಾಂಗ್ರೆಸ್ ಆ ಪರಿಷತ್ತನ್ನು ಬಹಿಷ್ಕರಿಸಿತ್ತು, ಕಮಲಾದೇವಿ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು.

ಯಾರು ಸರಿ? ಇವತ್ತು ಕೂತು ತೀರ್ಪು ಕೊಡುವುದು ಸುಲಭ. ಶಿವರಾವ್ 1939ರಲ್ಲಿ ಭಾರತದ ಕೈಗಾರಿಕಾ ಕಾರ್ಮಿಕನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು, 1952ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಹೋದರು. ಕೂಲಿಯವನ ಸಂಕಟ ಅವರಿಗೆ ಗೊತ್ತಿತ್ತು. ಕಮಲಾದೇವಿಯವರಿಗೂ ಗೊತ್ತಿತ್ತು. ಆದರೆ ಒಂದು ಮಾತು ಇಬ್ಬರಿಗೂ ಸಲ್ಲುತ್ತದೆ. ಫ್ರಾಂಕ್‌ಫರ್ಟಿಗೆ ಹೋದದ್ದೂ ಓದಿದವರು, ಲಂಡನ್ನಿಗೆ ಹೋದದ್ದೂ ಓದಿದವರು. ಜೆಪ್ಪುವಿನಲ್ಲಿ ಹಂಚು ಹೊತ್ತವನು ಎರಡು ಕಡೆಗೂ ಹೋಗಲಿಲ್ಲ. ಅಲ್ಲಿ ಅವನ ಪರವಾಗಿ ಮಾತು ನಡೆಯಿತು, ಅವನ ಮಾತು ನಡೆಯಲಿಲ್ಲ.

1945ರ ಅಕ್ಟೋಬರಿನಲ್ಲಿ ಪ್ಯಾರಿಸಿನಲ್ಲಿ ವಿಶ್ವ ಕಾರ್ಮಿಕ ಸಂಘಗಳ ಒಕ್ಕೂಟ ಹುಟ್ಟಿದಾಗ ಇನ್ನು ಒಡಕಿಲ್ಲ ಎಂದುಕೊಂಡರು. ನಾಲ್ಕೇ ವರ್ಷ, 1949ರಲ್ಲಿ ಅದೂ ಒಡೆದು ಎರಡಾಯಿತು. ರಷ್ಯದ ಕಡೆಗೊಂದು, ಅಮೇರಿಕದ ಕಡೆಗೊಂದು. ಎಐಟಿಯುಸಿ ಮೊದಲನೆಯದರಲ್ಲಿ, ಐಎನ್‌ಟಿಯುಸಿ ಎರಡನೆಯದರಲ್ಲಿ. 1970ರಲ್ಲಿ ಸಿಐಟಿಯು ಬೇರೆಯಾಯಿತು. ಲೋಕದ ಮೇಲೆ ಎಲ್ಲಿ ಬಿರುಕು ಬಿಟ್ಟರೂ ಅದರ ಗೆರೆ ಮಂಗಳೂರಿನ ಬೀಡಿ ಬ್ರಾಂಚಿನ ಬಾಗಿಲಿನವರೆಗೆ ಬಂದು ನಿಲ್ಲುತ್ತಿತ್ತು. ಒಗ್ಗಟ್ಟಿನ ನಿರ್ಣಯ ಮಾತ್ರ ಅಷ್ಟು ಬೇಗ ಬರುತ್ತಿರಲಿಲ್ಲ.

ಬೀಡಿ ಮನೆಗೆ ನಡೆದುಹೋದದ್ದು

ಹಂಚಿನ ಕಾರ್ಖಾನೆಗೆ ಗೋಡೆ ಉಂಟು, ಗೇಟು ಉಂಟು. ಸಂಘ ಕಟ್ಟುವವನು ಗೇಟಿನ ಹೊರಗೆ ನಿಂತರೆ ಸಾಕು, ಕೆಲಸ ಬಿಟ್ಟವರೆಲ್ಲ ಸಿಗುತ್ತಾರೆ. ಬೀಡಿಗೆ ಗೋಡೆ ಎಲ್ಲಿಯದು? ಎಲೆ, ಹೊಗೆಸೊಪ್ಪು, ನೂಲು ಬ್ರಾಂಚಿನಿಂದ ಹೊರಟು ಮನೆ ಮನೆಗೆ ಹೋಗುತ್ತದೆ. ಕಟ್ಟಿದ ಬೀಡಿ ಮರಳಿ ಬ್ರಾಂಚಿಗೆ ಬರುತ್ತದೆ. ನಡುವೆ ಕಂತ್ರಾಟುದಾರ. "ಇವರು ನಮ್ಮ ನೌಕರರೇ ಅಲ್ಲ" ಎಂದು ಕಂಪೆನಿ ಹೇಳಬಹುದು. "ನಾನು ಬರೀ ಮಧ್ಯಸ್ಥ" ಎಂದು ಕಂತ್ರಾಟುದಾರನೂ ಹೇಳಬಹುದು. ಹಾಗಾದರೆ ಈ ಹೆಂಗಸಿನ ಧಣಿ ಯಾರು?

ಈ ಪ್ರಶ್ನೆಗೆ ಉತ್ತರ ಕೊಡಲು 1966ರಲ್ಲಿ ಪಾರ್ಲಿಮೆಂಟು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ ಎಂದಿತು. ಆಗ ನಡೆದ ಎರಡು ಘಟನೆಗಳಲ್ಲಿ ಮಂಗಳೂರಿನ ಹೆಸರು ದೇಶಕ್ಕೆಲ್ಲ ಕೇಳಿತು.

ಮೊದಲನೆಯದು ಕಣ್ಣೂರಿನಲ್ಲಿ. ಕೇರಳ ಸರಕಾರ ಕಾಯ್ದೆ ಜಾರಿ ಮಾಡಹೊರಟಾಗ, 1968ರ ಅಕ್ಟೋಬರಿನಲ್ಲಿ, ಮಂಗಳೂರು ಗಣೇಶ ಬೀಡಿಯವರು ಅಲ್ಲಿನ ಕೆಲಸ ನಿಲ್ಲಿಸಿ ಬಾಗಿಲು ಹಾಕಿದರು. ಸುಮಾರು 12 ಸಾವಿರ ಮಂದಿ ಒಂದೇ ಸಲಕ್ಕೆ ಕೆಲಸ ಕಳಕೊಂಡರು. ಕಾರ್ಮಿಕರು ಅತ್ತು ಕೂರಲಿಲ್ಲ. 1969ರ ಫೆಬ್ರವರಿಯಲ್ಲಿ ಅವರೇ ಸೇರಿ ಕೇರಳ ದಿನೇಶ್ ಬೀಡಿ ಎಂಬ ಸಹಕಾರಿ ಸಂಘ ನಡೆಸಿದರು. ಅದರ ಬಗ್ಗೆ ಮುಂದೆ ವಿದೇಶದ ವಿದ್ವಾಂಸರೂ ಬಂದು ಅಧ್ಯಯನ ಮಾಡಿ ಪುಸ್ತಕ ಬರೆದರು.

ಎರಡನೆಯದು ದೆಹಲಿಯಲ್ಲಿ. ಕಾಯ್ದೆಯೇ ಸಿಂಧು ಅಲ್ಲ ಎಂದು ಬೀಡಿ ಮಾಲಿಕರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಕಾನೂನು ಪುಸ್ತಕಗಳಲ್ಲಿ ಆ ಮೊಕದ್ದಮೆಗೆ ಮಂಗಳೂರು ಗಣೇಶ ಬೀಡಿ ವರ್ಕ್ಸಿನದೇ ಹೆಸರು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಬಂತು, 1977ರಲ್ಲಿ ಪಿಎಫ್ ಬಂತು. ಮನೆಯಲ್ಲಿ ಕಟ್ಟುವವಳಿಗೂ ಪಿಎಫ್ ಸಲ್ಲಬೇಕು ಎಂದು 1985ರಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಹೇಳಿತು.

ಇದನ್ನು ಗಮನಿಸಬೇಕು. ಇಷ್ಟೂ ಸಿಕ್ಕಿದ್ದು ಜಿನೀವಾದಿಂದ ಅಲ್ಲ. ಬ್ರಾಂಚಿನ ಎದುರು ಧರಣಿ ಕೂತವರಿಂದ, ಕೇಸು ನಡೆಸಿದವರಿಂದ, ಕಮ್ಯುನಿಸ್ಟ್ ನಾಯಕ ಬಿ.ವಿ. ಕಕ್ಕಿಲ್ಲಾಯರಂತೆ ಇಲ್ಲಿಯ ದುಡಿಯುವವರ ಮಾತನ್ನು ರಾಜ್ಯಸಭೆಗೂ ವಿಧಾನಸಭೆಗೂ ಹೊತ್ತುಕೊಂಡು ಹೋದವರಿಂದ. ಊರಿನ ಹೋರಾಟ ಮುಂದೆ ನಡೆಯಿತು, ಲೋಕದ ನಿರ್ಣಯ ಹಿಂದಿನಿಂದ ಬಂತು.

ಹಡಗಿನವನಿಗೆ ಸಿಕ್ಕಿತು, ಜಗಲಿಯವಳಿಗೆ ಇಲ್ಲ

ಆ ನಿರ್ಣಯ ಬಂದದ್ದು 1996ರ ಜೂನ್ 20ರಂದು. ಐಎಲ್‌ಒದ 177ನೇ ಒಪ್ಪಂದ, ಮನೆಗೆಲಸದವರದ್ದಲ್ಲ, ಮನೆಯಲ್ಲಿ ಕೂತು ಇನ್ನೊಬ್ಬರಿಗೆ ಮಾಲು ತಯಾರಿಸಿ ಕೊಡುವವರದ್ದು. ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಅಹಮದಾಬಾದಿನ ಇಳಾ ಭಟ್ ಕಟ್ಟಿದ ಸೇವಾ ಸಂಘದ್ದು ಮುಖ್ಯ ಪಾಲು. ಸಂಘ ಕಟ್ಟುವ ಹಕ್ಕು, ಕೂಲಿ, ಆರೋಗ್ಯ, ಹೆರಿಗೆಯ ರಕ್ಷಣೆ, ಸಾಮಾಜಿಕ ಭದ್ರತೆ, ಎಲ್ಲದರಲ್ಲೂ ಸಮಾನತೆ ಎಂದು ಅದು ಹೇಳುತ್ತದೆ. ಮಾಲಿಕರ ಬಣಕ್ಕೆ ಇದು ರುಚಿಸಲಿಲ್ಲ. ಒಪ್ಪಿ ಸಹಿ ಹಾಕಿದ ದೇಶಗಳು ಬಹಳ ಕಡಿಮೆ. ಹೋರಾಡಿದ ಸಂಘ ಭಾರತದ್ದು, ಆದರೆ ಭಾರತ ಸರಕಾರ ಇನ್ನೂ ಅನುಮೋದಿಸಿಲ್ಲ.

ಪಣಂಬೂರಿಗೆ ಹೋದರೆ ಇನ್ನೊಂದು ಚಿತ್ರ ಕಾಣುತ್ತದೆ. ನವಮಂಗಳೂರು ಬಂದರಿಗೆ ಬರುವ ಹಡಗಿನ ನಾವಿಕನಿಗೂ ಜಿನೀವಾದಲ್ಲಿ ಒಪ್ಪಂದ ಆಗಿದೆ, 2006ರಲ್ಲಿ. ಸಂಬಳ, ವಿಶ್ರಾಂತಿಯ ಗಂಟೆ, ಊಟ, ಮಲಗುವ ಜಾಗ, ಊರಿಗೆ ಮರಳುವ ಖರ್ಚು, ಎಲ್ಲಕ್ಕೂ ಲೆಕ್ಕ. ಅದನ್ನು ಭಾರತ 2015ರ ಅಕ್ಟೋಬರಿನಲ್ಲಿ ಅನುಮೋದಿಸಿತು.

ಅದೇ ಜಿನೀವಾ, ಅದೇ ದೆಹಲಿ. ನಾವಿಕನಿಗೆ ಒಂಬತ್ತು ವರ್ಷದಲ್ಲಿ ಸಿಕ್ಕಿದ್ದು ಬೀಡಿಯವಳಿಗೆ ಇಷ್ಟು ವರ್ಷವಾದರೂ ಯಾಕಿಲ್ಲ? ಗುಟ್ಟು ಸರಳ. ಹಡಗು ಬೇರೆ ದೇಶದ ಬಂದರಿಗೆ ಹೋಗಬೇಕು. ಅಲ್ಲಿಯ ಅಧಿಕಾರಿ ಹತ್ತಿ ಕಾಗದ ನೋಡುತ್ತಾನೆ, ನಾವಿಕರ ಸ್ಥಿತಿ ಸರಿಯಿಲ್ಲದಿದ್ದರೆ ಹಡಗನ್ನೇ ತಡೆಯುತ್ತಾನೆ. ನಿಂತ ಹಡಗಿಗೆ ದಿನಕ್ಕೆ ಎಷ್ಟು ನಷ್ಟ ಎಂದು ಮಾಲಿಕನಿಗೆ ಗೊತ್ತು. ಅದಕ್ಕೆ ಕಾಗದ ಅವನಿಗೂ ಬೇಕು. ನಾವಿಕರ ಹಿಂದೆ 1896ರಲ್ಲೇ ಲಂಡನ್ನಿನಲ್ಲಿ ಹುಟ್ಟಿದ ಸಾರಿಗೆ ಕಾರ್ಮಿಕರ ಅಂತಾರಾಷ್ಟ್ರೀಯ ಒಕ್ಕೂಟವೂ ಉಂಟು. ಜಗಲಿಯನ್ನು ತಡೆದು ನಿಲ್ಲಿಸುವವರು ಯಾರು? ತಡ್ಪೆ ನಿಂತರೆ ನಷ್ಟ ಆ ಹೆಂಗಸಿಗೇ.

ಬೀಡಿಯೇ ಬೇಡ ಎಂದರೆ?

2004ರ ಜನವರಿಯಲ್ಲಿ ಮುಂಬಯಿಯ ಗೋರೆಗಾಂವಿನಲ್ಲಿ ವಿಶ್ವ ಸಾಮಾಜಿಕ ವೇದಿಕೆ ಸೇರಿತ್ತು. ಎಡಪಂಥದವರು, ಕಾರ್ಮಿಕ ಸಂಘದವರು, ರೈತರು, ದಲಿತ ಸಂಘಟನೆಯವರು ದೇಶವಿದೇಶದಿಂದ ಬಂದು ಆರು ದಿನ ಡೋಲು ಬಡಿದರು, ಭಾಷಣ ಮಾಡಿದರು, ಬೇರೊಂದು ಲೋಕ ಸಾಧ್ಯ ಎಂದು ಸಾರಿದರು. ಅದರ ಮರುತಿಂಗಳೇ, ಫೆಬ್ರವರಿ 5ರಂದು, ಭಾರತ ಇನ್ನೊಂದು ಕಾಗದಕ್ಕೆ ಒಪ್ಪಿಗೆ ಕೊಟ್ಟಿತು. ಅದು ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ. ಡೋಲು ಬಡಿದದ್ದಕ್ಕಿಂತ ಈ ಸಹಿ ಬೀಡಿಯವಳ ಬದುಕಿಗೆ ಹೆಚ್ಚು ಹತ್ತಿರದ್ದು.

ತಂಬಾಕು ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಹುಡಿ ಮೂಗಿಗೆ ಹೊಡೆದು ಕೆಮ್ಮುವವಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಒಪ್ಪಂದದ 17ನೇ ಕಲಮು ತಂಬಾಕಿನಲ್ಲಿ ದುಡಿಯುವವರಿಗೆ ಹೊಟ್ಟೆ ತುಂಬುವ ಬದಲಿ ಕೆಲಸಕ್ಕೆ ನೆರವಾಗಬೇಕು ಎನ್ನುತ್ತದೆ. ಪ್ಯಾಕೆಟ್ಟಿನ ಮೇಲೆ ಚಿತ್ರ ಬಂತು, ತೆರಿಗೆ ಬಂತು. ಬದಲಿ ಕೆಲಸ ಅದೇ ವೇಗದಲ್ಲಿ ಬಂತೇ? ಜಿಎಸ್‌ಟಿ ಬಂದ 2017ರಲ್ಲಿ ಬೀಡಿಯ ಮೇಲಿನ ಕಲ್ಯಾಣ ಸೆಸ್ಸೂ ನಿಂತಿತು. ಮಕ್ಕಳ ವಿದ್ಯಾರ್ಥಿವೇತನ, ಔಷಧಾಲಯ, ಮನೆ ಕಟ್ಟಲು ನೆರವು, ಇದಕ್ಕೆಲ್ಲ ಆಧಾರವಾಗಿದ್ದ ಹಣ ಅದು.

ಕಣ್ಣೂರಿನ ದಿನೇಶ್ ಸಹಕಾರಿಯವರು ಬೀಡಿ ಇಳಿಮುಖವಾದಾಗ ಕೊಡೆ, ಆಹಾರ ಪದಾರ್ಥ, ಬಟ್ಟೆಗೆ ಕೈಹಾಕಿದರು. ಸಂಘ ಅವರದೇ ಆಗಿದ್ದರಿಂದ ತಿರುಗಲು ದಾರಿ ಸಿಕ್ಕಿತು. ಜಗಲಿಯಲ್ಲಿ ಒಬ್ಬೊಬ್ಬಳೇ ಕೂತವಳು ಎಲ್ಲಿಗೆ ತಿರುಗುವುದು?

ಕುರ್ಚಿ ಖಾಲಿ

ಜಿನೀವಾದ ಮಾದರಿಯಲ್ಲೇ ದೆಹಲಿಯಲ್ಲೂ ಒಂದು ಸಭೆ ಇತ್ತು. ಭಾರತೀಯ ಕಾರ್ಮಿಕ ಸಮ್ಮೇಳನ ಎಂದು ಹೆಸರು. 1942ರಿಂದ ಸರಕಾರ, ಮಾಲಿಕ, ಕಾರ್ಮಿಕ ಮೂವರೂ ಒಟ್ಟಿಗೆ ಕೂರುತ್ತಿದ್ದ ಜಾಗ. ಅದರ 46ನೇ ಸಭೆ ನಡೆದದ್ದು 2015ರ ಜುಲೈಯಲ್ಲಿ. ಆಮೇಲೆ ಕರೆದೇ ಇಲ್ಲ ಎಂಬುದು ಕಾರ್ಮಿಕ ಸಂಘಗಳ ದೂರು. ಈ ನಡುವೆ 29 ಕಾರ್ಮಿಕ ಕಾನೂನುಗಳನ್ನು ನಾಲ್ಕು ಸಂಹಿತೆಗಳಾಗಿ ಮಾಡಲಾಯಿತು. 1966ರ ಬೀಡಿ ಕಾಯ್ದೆಯೂ ಅದರೊಳಗೆ ಕರಗಿತು. 2025ರ ಜುಲೈ 9ರಂದು ಕೇಂದ್ರ ಕಾರ್ಮಿಕ ಸಂಘಗಳು ದೇಶಾದ್ಯಂತ ಮುಷ್ಕರ ಹೂಡಿದವು. ನವೆಂಬರ್ 21ರಂದು ಸಂಹಿತೆಗಳು ಜಾರಿಗೆ ಬಂದವು. ಸರಕಾರ ಇದನ್ನು ಸರಳೀಕರಣ ಎನ್ನುತ್ತದೆ, ಸಂಘಗಳು ಹಕ್ಕಿನ ಮೊಟಕು ಎನ್ನುತ್ತವೆ. ಹೊಸ ಸಂಹಿತೆಯಲ್ಲಿ ಮನೆಯಲ್ಲೇ ದುಡಿಯುವವರ ಹೆಸರು ಉಂಟು. ಹೆಸರಿನ ಮುಂದೆ ಹಕ್ಕು ಎಷ್ಟು ಬರುತ್ತದೆ ಎಂಬುದೇ ಪ್ರಶ್ನೆ.

ಮಂಗಳೂರಿನವರು ಮಾಡಬಹುದಾದದ್ದು ಏನೂ ಇಲ್ಲವೇ? ಉಂಟು. 177ನೇ ಒಪ್ಪಂದಕ್ಕೆ ಒಪ್ಪಿಗೆ ಯಾಕಿಲ್ಲ ಎಂದು ಈ ಜಿಲ್ಲೆಯ ಸಂಸದರು ಲೋಕಸಭೆಯಲ್ಲಿ ಕೇಳಬಹುದು. ಇಲ್ಲಿ ಸೀಟು ಗೆದ್ದ ಶಿವರಾವ್ ಕೂತ ಸಭೆಯೇ ಅದು. ಜಿನೀವಾಕ್ಕೆ ಹೋಗುವ ಕಾರ್ಮಿಕ ತಂಡದಲ್ಲಿ ಬೀಡಿ ಕಟ್ಟಿ ಗೊತ್ತಿರುವ ಒಬ್ಬಳಾದರೂ ಇರಲಿ ಎಂದು ಎಲ್ಲ ಬಣ್ಣದ ಸಂಘಗಳೂ ಪಟ್ಟು ಹಿಡಿಯಬಹುದು. 1929ರಲ್ಲಿ ಸೀರೆ ಹರಿದು ಬಾವುಟ ಮಾಡಿದ ಊರಿನ ಹೆಣ್ಣಿನ ಕತೆಯನ್ನು ಆ ಜಗಲಿಗಳಲ್ಲಿ ಹೇಳಬಹುದು.

ಮುಂದಿನ ಜೂನಿನಲ್ಲೂ ಭಾರತದ ಫಲಕದ ಹಿಂದೆ ಯಾರಾದರೂ ಕೂತಿರುತ್ತಾರೆ. ಅದೇ ಹೊತ್ತಿಗೆ ಇಲ್ಲಿ ಕೊಡೆ ಹಿಡಿದು, ಬೀಡಿಯ ಚೀಲ ಒದ್ದೆಯಾಗದಂತೆ ಸೆರಗಿನಲ್ಲಿ ಸುತ್ತಿ, ಒಬ್ಬಳು ಬ್ರಾಂಚಿಗೆ ಹೊರಟಿರುತ್ತಾಳೆ. ಅವಳು ಪ್ರತಿ ಬೀಡಿಗೂ ಲೆಕ್ಕ ಒಪ್ಪಿಸಬೇಕು. ಸಾವಿರಕ್ಕೆ ಎಷ್ಟು, ಕಳಪೆ ಎಂದು ತೆಗೆದದ್ದು ಎಷ್ಟು, ಕೈಗೆ ಬಂದದ್ದು ಎಷ್ಟು. ಜಿನೀವಾದಿಂದ ಮರಳುವವರೂ ಒಮ್ಮೆ ಆ ಬ್ರಾಂಚಿನ ಬಾಗಿಲಿಗೆ ಬಂದು ಅದೇ ರೀತಿ ಲೆಕ್ಕ ಒಪ್ಪಿಸಲಿ.